ಇಸಿಲದ ಮಡಕೆಯ ಚೂರುಗಳು



ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಸಿದ್ದಾಪುರವೆಂಬ ಗ್ರಾಮದ ಬಳಿ, ಬ್ರಹ್ಮಗಿರಿಯೆಂಬ ಬೆಟ್ಟವೊಂದಿದೆ. ಗುಂಡುಬಂಡೆಗಳನ್ನು ಒಂದರ ಮೇಲೊಂದು ರಾಶಿಹಾಕಿದಂತೆ ಕಾಣುವ ಬರಿಯ ಕಲ್ಲಿನ ಬೆಟ್ಟ. ಅದರ ಬುಡದ ನೆಲದಲ್ಲಿ ನೇಗಿಲು ಹಾಯ್ದಾಗಲೆಲ್ಲ ಮಣ್ಣಿನೊಡನೆ ಮಡಕೆಯ ಚೂರುಗಳು ಮೇಲಕ್ಕೆ ಬರುತ್ತವೆ: ಕೆಂಪು ಚೂರು, ಕಪ್ಪು ಚೂರು, ಒಳಗೆ ಕಪ್ಪಾಗಿ ಹೊರಗೆ ಕೆಂಪಾದ ಚೂರು. ನಮ್ಮ ಹಳ್ಳಿಯ ಮಕ್ಕಳು ಇಂತಹ ಬೋಕಿಯನ್ನು ಆಯ್ದು, ಅಂಚನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿ, ಕುಂಟೆಬಿಲ್ಲೆಯ ಆಟಕ್ಕೆ ಇಟ್ಟುಕೊಳ್ಳುತ್ತಾರೆ. ಇತಿಹಾಸಕಾರನಿಗೆ ಇದಕ್ಕಿಂತ ಬೆಲೆಯುಳ್ಳ ಸಾಮಗ್ರಿ ಕಡಮೆ. ಚಿನ್ನವನ್ನು ಕಳ್ಳರು ಒಯ್ಯುತ್ತಾರೆ, ಇಲ್ಲವೆ ಅಕ್ಕಸಾಲಿಗನು ಕರಗಿಸುತ್ತಾನೆ, ಬಟ್ಟೆ ಕೊಳೆಯುತ್ತದೆ, ಮರವನ್ನು ಗೆದ್ದಲು ತಿನ್ನುತ್ತದೆ, ಕಬ್ಬಿಣ ತುಕ್ಕಾಗಿ ಉದುರುತ್ತದೆ. ಒಡೆದ ಮಡಕೆಯು ಯಾರಿಗೂ ಬೇಡವಾದುದರಿಂದ ಬಿದ್ದಲ್ಲಿಯೇ ಬಿದ್ದಿರುತ್ತದೆ. ಒಮ್ಮೆ ಬೆಂದುದರಿಂದ ಮರಳಿ ಕೆಸರಾಗಲಾರದು.

ಇಂತಹ ಚೂರುಗಳನ್ನು ರಸಾಯನಶಾಲೆಗೂ ಭೌತವಿಜ್ಞಾನಶಾಲೆಗೂ ಒಯ್ದು ಪರೀಕ್ಷಿಸಿದುದರಿಂದ ನಮ್ಮ ನಾಡಿನ ಪ್ರಾಚೀನ ಚರಿತ್ರೆಯಲ್ಲಿ ಆದ ಒಂದು ದೊಡ್ಡ ತಿದ್ದುಪಡಿಯನ್ನು ಕುರಿತು ತಮ್ಮಲ್ಲಿ ಕೆಲವು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇನೆ.

ಬ್ರಹ್ಮಗಿರಿಯ ಹೆಸರು ವಿದ್ವಾಂಸರ ಬಾಯಲ್ಲಿ ನಿಂತುದು 1892ರಿಂದ ಈಚೆಗೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸುತ್ತಿದ್ದ ಬಿ. ಎಲ್. ರೈಸ್ ಅವರು ಅಲ್ಲಿಯೂ, ಹತ್ತಿರದ ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಅನಂತರ ಚಕ್ರವರ್ತಿಯ ಆಜ್ಞೆಯನ್ನು ತಿಳಿಸುವಂತೆ ಆ ಶಾಸನವು ಆರಂಭವಾಗುತ್ತದೆ. ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುಗಳಲ್ಲಿ ಗೌರವ ಇವು ಅದರ ಉಪದೇಶ. ಬರೆದ ಲಿಪಿಕಾರನು ಚಪಡನೆಂಬವನು. ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದು ಮುಗಿಸಿದ್ದಾನೆ. ಗಾಂಧಾರದ ಕಡೆಯ ಲಿಪಿಯನ್ನು ಬಲ್ಲ ಗುಮಾಸ್ತನೊಬ್ಬನು ಮೊಳಕಾಲ್ಮೂರಿನ ಬಂಡೆಯ ಮುಂದೆ ಕುಳಿತು ರುಜು ಹಾಕಿದನೆಂಬುದು ನೆನೆದಷ್ಟೂ ಸ್ವಾರಸ್ಯವಾದ ಸಂಗತಿ. ಇಸಿಲವೆಂದರೆ ಈ ಬ್ರಹ್ಮಗಿರಿಯ ಬುಡದ ಊರೇ ಎಂದು ವಿದ್ವಾಂಸರು ಊಹಿಸಿದರು.

ಹಾಗಾದರೆ ಅಶೋಕನ ಕಾಲದ ಇಸಿಲದಲ್ಲಿ ಇದ್ದ ಜನರು ಎಂತಹವರು? ಬಂಡೆಯ ಮೇಲಿನ ಅಕ್ಷರಗಳು ಇದಕ್ಕೆ ಉತ್ತರ ಹೇಳವು. ಮೈಸೂರಿನ ಪ್ರಾಕ್ತನ ವಿಮರ್ಶೆಯ ಇಲಾಖೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1940ರ ಬಳಿಕ ಅಲ್ಲಿ ನೆಲವನ್ನು ಅಗೆಸಿ ನೋಡಿದರು. 1947ರಲ್ಲಿ, ಭಾರತದ ಪ್ರಾಕ್ತನ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿಯೂ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿಯೂ ಹೆಚ್ಚು ಕ್ರಮಬದ್ಧವಾದ ಅಗೆತವನ್ನು ನಡೆಸಿದರು. ವ್ಹೀಲರ್ ಸೇನೆಯಲ್ಲಿ ಅಧಿಕಾರಿಯಾಗಿದ್ದವರು. ಅವರ ಅಗೆತದಲ್ಲಿಯೂ ಸೇನೆಯ ಶಿಸ್ತು ಇದ್ದಿತು. ನೆಲದ ಪದರಗಳನ್ನು ಒಂದೊಂದಾಗಿ ಗುರುತಿಸಿ, ಯಾವ ಪದರದಲ್ಲಿ ಯಾವ ಚೂರು ದೊರೆಯಿತೆಂಬುದನ್ನು ಬರೆದಿಡುವ ವಿಧಾನವನ್ನು ನಮ್ಮವರಿಗೆ ಕಲಿಸಿದವರು ಅವರು. ಈ ಉಪಕಾರವನ್ನು ಮೊದಲಿಗೇ ಸ್ಮರಿಸಬೇಕು. ಏಕೆಂದರೆ ಮುಂದೆ ನಾನು ಹೇಳುವುದೆಲ್ಲ ಅವರ ಕಾಲಗಣನೆಯು ಹೇಗೆ ಮುರಿದುಬಿದ್ದಿತೆಂಬ ಕಥೆ.

ಬ್ರಹ್ಮಗಿರಿಯಲ್ಲಿ ಅವರಿಗೆ ಮೂರು ಸಂಸ್ಕೃತಿಗಳ ಪದರಗಳು ಕಂಡವು. ಎಲ್ಲಕ್ಕೂ ಕೆಳಗೆ, ನಯಮಾಡಿದ ಕಲ್ಲಿನ ಕೊಡಲಿಗಳನ್ನೂ ಕೈಯಿಂದಲೇ ಮಾಡಿದ ಒರಟಾದ ಬೂದುಬಣ್ಣದ ಮಡಕೆಗಳನ್ನೂ ಬಳಸುತ್ತಿದ್ದ ಜನ. ಅದರ ಮೇಲೆ, ಕಬ್ಬಿಣವನ್ನು ಬಲ್ಲವರೂ, ಸತ್ತವರಿಗಾಗಿ ದೊಡ್ಡ ಕಲ್ಲುಚಪ್ಪಡಿಗಳ ಸಮಾಧಿಗಳನ್ನು ಕಟ್ಟಿದವರೂ ಆದ ಜನ. ಇಂತಹ ಸಮಾಧಿಗಳನ್ನು ನಮ್ಮ ಹಳ್ಳಿಗರು ಕೆಲವೆಡೆ ಪಾಂಡವರ ಗುಡಿಯೆಂದೂ ಕೆಲವೆಡೆ ಮೋರ್ಯರ ಮನೆಯೆಂದೂ ಕರೆಯುವುದುಂಟು. ಅವರದೇ ಆ ಕಪ್ಪು–ಕೆಂಪು ಮಡಕೆ. ಎಲ್ಲಕ್ಕೂ ಮೇಲೆ, ಶಾತವಾಹನರ ಕಾಲದ ಜನ. ತಿಗುರಿಯ ಮೇಲೆ ಚೆನ್ನಾಗಿ ತಿರುಗಿಸಿ ಮಾಡಿದ, ಬಿಳಿಯ ಗೆರೆಗಳ ಚಿತ್ರವುಳ್ಳ ಕೆಂಪು ಮಡಕೆಗಳು ಅವರವು. ಪದರಗಳ ಅನುಕ್ರಮವೇನೋ ಸ್ಪಷ್ಟವಾಯಿತು. ಆದರೆ ಯಾವುದು ಎಷ್ಟು ವರ್ಷ ಹಿಂದಿನದು? ಮಣ್ಣಿನ ಪದರದ ಮೇಲೆ ಸಂವತ್ಸರವನ್ನು ಯಾರೂ ಬರೆದಿರುವುದಿಲ್ಲ.

ಇಲ್ಲಿ ವ್ಹೀಲರ್ ಅವರು ಹೂಡಿದ ತರ್ಕವು ಬಹಳ ಜಾಣತನದ್ದು. ಅದರ ಎರಡು ವರ್ಷ ಮೊದಲು, 1945ರಲ್ಲಿ, ಅಂದು ಫ್ರೆಂಚರ ಆಡಳಿತದಲ್ಲಿದ್ದ ಪುದುಚೇರಿಯ ಹತ್ತಿರದ ಅರಿಕಮೇಡುವಿನಲ್ಲಿ ಅವರು ಅಗೆದಿದ್ದರು. ಅಲ್ಲಿ ಇಟಲಿ ದೇಶದ ಅರೆಜ್ಜೋ ಪಟ್ಟಣದ ಹೆಸರಿನಿಂದ ಪ್ರಸಿದ್ಧವಾದ ಕೆಂಪು ಹೊಳಪಿನ ಪಾತ್ರೆಗಳ ಚೂರುಗಳು ದೊರೆತವು. ಆ ಪಾತ್ರೆಗಳ ತಯಾರಿಕೆಯು ಕ್ರಿ.ಶ. ಮೊದಲನೆಯ ಶತಮಾನದ ಮಧ್ಯದ ಹೊತ್ತಿಗೆ ನಿಂತುಹೋಯಿತೆಂದು ಯೂರೋಪಿನಲ್ಲಿ ಗೊತ್ತಾಗಿದ್ದಿತು. ಅದೇ ಅರಿಕಮೇಡುವಿನಲ್ಲಿ ಮತ್ತೊಂದು ಬಗೆಯ ತಟ್ಟೆಗಳೂ ದೊರೆತವು: ಬೂದು ಇಲ್ಲವೆ ಕಪ್ಪು ಬಣ್ಣ, ತೆಳುವಾದ ಮೈ, ಬಡಿದರೆ ಲೋಹದಂತೆ ದನಿಗೊಡುವ ಗಟ್ಟಿತನ, ಒಳಮಗ್ಗುಲಿನ ತಳದಲ್ಲಿ ಹಲ್ಲುಳ್ಳ ಚಕ್ರವನ್ನು ಉರುಳಿಸಿದಂತೆ ಸುತ್ತುಸುತ್ತಾಗಿ ಒತ್ತಿದ ಸಣ್ಣ ಚುಕ್ಕಿಗಳ ಬಳೆಗಳು. ಇದನ್ನು ಚಕ್ರಾಂಕಿತ ಪಾತ್ರೆಯೆಂದು ಕರೆಯೋಣ. ಈ ಚಕ್ರದ ಅಲಂಕಾರವು ಭಾರತದ ಪದ್ಧತಿಯಲ್ಲ, ಭೂಮಧ್ಯ ಸಮುದ್ರದ ಕಡೆಯದು ಎಂದು ವ್ಹೀಲರ್ ಅವರಿಗೆ ತೋರಿತು. ಕೆಲವು ತಟ್ಟೆಗಳು ಹಡಗಿನಲ್ಲಿ ಬಂದವು, ಉಳಿದವನ್ನು ನೋಡಿ ಇಲ್ಲಿಯವರು ಅನುಕರಿಸಿದರು ಎಂದರು. ಇಂತಹವೇ ತಟ್ಟೆಗಳ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಕಂಡುಬಂದವು. ಚಂದ್ರವಳ್ಳಿಯಲ್ಲಂತೂ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯವೂ ಸಿಕ್ಕಿದ್ದಿತು.

ಅಲ್ಲಿಗೆ ಸರಪಳಿ ಸಿದ್ಧವಾಯಿತು. ಇಟಲಿಯ ಪಾತ್ರೆಯ ಕಾಲದಿಂದ ಅರಿಕಮೇಡುವಿನ ಚಕ್ರಾಂಕಿತ ತಟ್ಟೆಯ ಕಾಲ. ಅದರಿಂದ ಬ್ರಹ್ಮಗಿರಿಯ ಮೇಲಿನ ಪದರದ ಕಾಲ, ಎಂದರೆ ಕ್ರಿ.ಶ. ಮೊದಲನೆಯ ಶತಮಾನದ ಮಧ್ಯದಿಂದ ಈಚೆ. ಅದರ ಕೆಳಗಿನ ಬೃಹತ್ ಶಿಲಾಸಮಾಧಿಗಳ ಪದರದ ದಪ್ಪವನ್ನು ನೋಡಿ, ಅಷ್ಟು ಮಣ್ಣು ಕೂಡಲು ಇಷ್ಟು ವರ್ಷ ಬೇಕೆಂದು ಅಂದಾಜುಮಾಡಿ, ಕಬ್ಬಿಣದ ಜನರು ಅಲ್ಲಿಗೆ ಬಂದುದು ಸುಮಾರು ಕ್ರಿ.ಪೂ. 200ರಲ್ಲಿ ಎಂದು ನಿರ್ಣಯಿಸಿದರು. ಕಲ್ಲುಗೊಡಲಿಯ ಜನರ ಕಾಲವು ಅದಕ್ಕೂ ಹಿಂದೆ, ಕ್ರಿ.ಪೂ. ಮೊದಲನೆಯ ಸಹಸ್ರಮಾನದ ಆರಂಭದವರೆಗೆ.

ಇದರ ಫಲಿತಾರ್ಥವನ್ನು ಗಮನಿಸಬೇಕು. ಅಶೋಕನ ಶಾಸನವು ಕ್ರಿ.ಪೂ. ಮೂರನೆಯ ಶತಮಾನದ್ದು. ವ್ಹೀಲರ್ ಅವರ ಗಣನೆಯಂತೆ ಕಬ್ಬಿಣದ ಜನರು ಇಸಿಲಕ್ಕೆ ಕಾಲಿಟ್ಟುದು ಅದರ ಅನಂತರ. ಆದುದರಿಂದ ಚಕ್ರವರ್ತಿಯ ಮಹಾಮಾತ್ರರು ಧರ್ಮೋಪದೇಶವನ್ನು ಕೆತ್ತಿಸಿದಾಗ ಅದರ ಕೆಳಗಿನ ಗುಡಿಸಲುಗಳಲ್ಲಿ ವಾಸವಾಗಿದ್ದವರು ಕಬ್ಬಿಣವನ್ನೇ ಕಾಣದ, ಕಲ್ಲಿನ ಕೊಡಲಿಯ, ಕೈಮಡಕೆಯ ಜನರೆಂದಾಯಿತು. ಪಾಟಲಿಪುತ್ರದಲ್ಲಿ ಎಂಬತ್ತು ಕಂಬಗಳ ಸಭಾಭವನ, ನಮ್ಮಲ್ಲಿ ಶಿಲಾಯುಗ! ಒಂದು ನಾಡಿನ ಜನರಿಗೆ ಎಷ್ಟು ವಯಸ್ಸು, ಅವರು ತಾವಾಗಿ ಏನನ್ನು ಕಲಿತಿದ್ದರು, ಯಾವುದನ್ನು ಇತರರಿಂದ ಪಡೆದರು ಎಂಬ ಪ್ರಶ್ನೆಯೇ ಈ ಲೆಕ್ಕಾಚಾರದಲ್ಲಿ ಅಡಗಿದ್ದಿತು. ಬಹುಕಾಲ ನಮ್ಮ ಪಠ್ಯಪುಸ್ತಕಗಳು ಈ ಲೆಕ್ಕವನ್ನೇ ಮಕ್ಕಳಿಗೆ ಒಪ್ಪಿಸಿದವು.

ಸರಪಳಿಯ ಎರಡು ಕೊಂಡಿಗಳು ದುರ್ಬಲವಾಗಿದ್ದವು. ಮಣ್ಣಿನ ಪದರವು ವರ್ಷಕ್ಕೆ ಇಂತಿಷ್ಟೇ ಬೆಳೆಯುವುದೆಂಬುದಕ್ಕೆ ಆಧಾರವಿಲ್ಲ; ಒಂದು ಮಳೆಗಾಲದಲ್ಲಿ ಮೊಳದಷ್ಟು ಕೂಡಬಹುದು, ನೂರು ವರ್ಷದಲ್ಲಿ ಬೆರಳಷ್ಟೂ ಕೂಡದಿರಬಹುದು. ಎರಡನೆಯದಾಗಿ, ಚಕ್ರಾಂಕಿತ ತಟ್ಟೆಯು ರೋಮನರ ಕಡೆಯದೆಂಬುದು ಅಲಂಕಾರದ ಹೋಲಿಕೆಯನ್ನು ನೋಡಿ ಹೇಳಿದ ಮಾತು. ಕಣ್ಣಿಗೆ ಕಾಣುವ ಹೋಲಿಕೆಯು ನಂಟಸ್ತಿಕೆಗೆ ಸಾಕ್ಷಿಯಾಗಲಾರದು. ಮಡಕೆಯ ವಯಸ್ಸನ್ನೂ ಅದರ ತವರನ್ನೂ ಮಡಕೆಯಿಂದಲೇ ಕೇಳಿ ತಿಳಿಯುವುದು ಸಾಧ್ಯವೆ? 1947ರಲ್ಲಿ ಇದಕ್ಕೆ ಸಾಧನವು ಇಲ್ಲವೆಂಬಷ್ಟು ಕಡಮೆ.

ಈ ಪರೀಕ್ಷೆಗಳ ತತ್ತ್ವವನ್ನು ತಿಳಿಯಲು ಕುಂಬಾರನ ಆವಗೆಯಿಂದಲೇ ಆರಂಭಿಸಬೇಕು. ಜೇಡಿಮಣ್ಣು ಎಂಬುದು ಬಂಡೆಯು ಬಿಸಿಲುಮಳೆಗಳಿಂದ ಸವೆದು ಸವೆದು ಆದ ನವುರಾದ ಪುಡಿ. ಅದರ ಕಣಗಳ ಒಳರಚನೆಯಲ್ಲಿಯೇ ನೀರು ಸೇರಿಕೊಂಡಿರುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಮೇಲಿನ ನೀರು ಹೋಗುವುದೇ ಹೊರತು ಈ ಒಳಗಿನ ನೀರು ಹೋಗದು; ಆದುದರಿಂದ ಹಸಿ ಮಡಕೆಯ ಮೇಲೆ ಮಳೆ ಬಿದ್ದರೆ ಕರಗಿ ಕೆಸರಾಗುವುದು. ಬೆಂಕಿಯು ಸುಮಾರು 500–600 ಸೆಂಟಿಗ್ರೇಡ್ ಡಿಗ್ರಿಯನ್ನು ಮುಟ್ಟಿದಾಗ ಒಳನೀರು ಹೊರಟುಹೋಗಿ ಮಣ್ಣು ಹಿಂದಿರುಗಲಾರದ ಸ್ಥಿತಿಗೆ ಬರುತ್ತದೆ. ಇನ್ನೂ ಮೇಲೇರಿದರೆ, ಮಣ್ಣಿನಲ್ಲಿರುವ ಸುಣ್ಣದ ಕಣಗಳು ಒಡೆಯುತ್ತವೆ. ಸಾವಿರ ಡಿಗ್ರಿಯನ್ನು ದಾಟಿದ ಮೇಲೆ ಮೊದಲಿಲ್ಲದ ಹೊಸ ಖನಿಜಗಳು ಹುಟ್ಟುತ್ತವೆ. ಚೂರಿನ ಪುಡಿಯ ಮೇಲೆ ಕ್ಷ-ಕಿರಣಗಳನ್ನು ಬಿಟ್ಟರೆ, ಒಂದೊಂದು ಖನಿಜದ ಹರಳೂ ತನ್ನದೇ ಆದ ಕೋನಗಳಲ್ಲಿ ಅವನ್ನು ಚೆದರಿಸುತ್ತದೆ. ಯಾವ ಖನಿಜವು ಉಳಿದಿದೆ, ಯಾವುದು ಅಳಿದಿದೆ, ಯಾವುದು ಹೊಸದಾಗಿ ಹುಟ್ಟಿದೆ ಎಂಬುದನ್ನು ನೋಡಿ, ಎರಡು ಸಾವಿರ ವರ್ಷಗಳ ಹಿಂದೆ ಆರಿದ ಆವಗೆಯ ಶಾಖವನ್ನು ಇಂದು ಹೇಳಬಹುದು.

ಬಣ್ಣವೂ ಬೆಂಕಿಯ ಮಾತೇ. ಮಣ್ಣಿನಲ್ಲಿರುವ ಕಬ್ಬಿಣದ ಅಂಶಕ್ಕೆ ಬೇಯುವಾಗ ಗಾಳಿ ಚೆನ್ನಾಗಿ ದೊರೆತರೆ ಕೆಂಪು. ಗಾಳಿ ಸಿಗದೆ ಹೊಗೆ ಕವಿದರೆ ಕಪ್ಪು. ಇಸಿಲದ ಸಮಾಧಿಗಳ ಮಡಕೆಯು ಒಳಗೂ ಬಾಯಿಯ ಸುತ್ತಲೂ ಕಪ್ಪು, ಹೊರಮೈಯೆಲ್ಲ ಕೆಂಪು. ಕುಂಬಾರನು ಎರಡು ಬಣ್ಣ ಬಳಿಯಲಿಲ್ಲ. ಮಡಕೆಯನ್ನು ಬೋರಲಾಗಿ ಇಟ್ಟು, ಬಾಯಿಯನ್ನು ಹೊಟ್ಟು ಬೂದಿಗಳಲ್ಲಿ ಹೂತು ಸುಟ್ಟರೆ ಒಳಕ್ಕೆ ಗಾಳಿಯಾಡದೆ ಇಂತಹ ಬಣ್ಣ ಬರುವುದೆಂದು ಬಹುಮಂದಿ ಹೇಳುತ್ತಾರೆ. ಎರಡು ಸಲ ಸುಟ್ಟು ಈ ಪರಿಣಾಮವನ್ನು ಪಡೆದರೆಂದು ಹೇಳುವವರೂ ಉಂಟು. ಯಾವುದಾದರೂ ಆಗಲಿ, ಒಂದೇ ಪಾತ್ರೆಯ ಒಂದು ಮಗ್ಗುಲಿಗೆ ಗಾಳಿಯನ್ನು ಕೊಟ್ಟು ಮತ್ತೊಂದಕ್ಕೆ ತಪ್ಪಿಸುವುದು ಬೆಂಕಿಯನ್ನು ಚೆನ್ನಾಗಿ ಆಳಬಲ್ಲವರ ಕೆಲಸ. ಅದೇ ಜನರು ಕಬ್ಬಿಣವನ್ನೂ ಕರಗಿಸುತ್ತಿದ್ದರೆಂದರೆ ಆಶ್ಚರ್ಯವೇನು?

ಇನ್ನು ವಯಸ್ಸಿನ ಪ್ರಶ್ನೆ. ವ್ಹೀಲರ್ ಅವರು ಬ್ರಹ್ಮಗಿರಿಯಿಂದ ಹೊರಟ ಎರಡು ವರ್ಷಕ್ಕೆ, 1949ರಲ್ಲಿ, ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ವಿಲ್ಲರ್ಡ್ ಲಿಬ್ಬಿಯವರು ಇಂಗಾಲದ ಮೂಲಕ ಕಾಲವನ್ನು ಅಳೆಯುವ ವಿಧಾನದ ಮೊದಲ ಫಲಗಳನ್ನು ಪ್ರಕಟಿಸಿದರು. 1960ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ದೊರೆಯಿತು. ಬದುಕಿರುವ ಮರದಲ್ಲಿಯೂ ಕಾಳಿನಲ್ಲಿಯೂ ವಿಕಿರಣವುಳ್ಳ ಒಂದು ಬಗೆಯ ಇಂಗಾಲವು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಜೀವ ಹೋದ ದಿನದಿಂದ ಅದು ಕರಗುತ್ತ ಬಂದು 5,730 ವರ್ಷಗಳಿಗೆ ಅರ್ಧವಾಗುತ್ತದೆ. ಉಳಿದುದನ್ನು ಅಳೆದರೆ ಕಳೆದುದು ತಿಳಿಯುತ್ತದೆ. ಇದು ಮಡಕೆಯ ವಯಸ್ಸನ್ನು ನೇರವಾಗಿ ಹೇಳದು. ಮಡಕೆಯ ಜೊತೆಗೆ ಅದೇ ಪದರದಲ್ಲಿ ಬಿದ್ದಿರುವ ಇದ್ದಿಲಿನ, ಸುಟ್ಟ ಕಾಳಿನ ವಯಸ್ಸನ್ನು ಹೇಳುತ್ತದೆ.

ಕೃಷ್ಣಾ ಕಣಿವೆಯ ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ಅವರು 1957ರಲ್ಲಿ ಅಗೆದ ಬೂದಿದಿಬ್ಬವು ಬ್ರಹ್ಮಗಿರಿಯ ಕೆಳಪದರದ ಜನರಂತಹವರದೇ: ಕಲ್ಲುಗೊಡಲಿ, ಬೂದುಬಣ್ಣದ ಕೈಮಡಕೆ, ದನಗಳ ಹಟ್ಟಿ. ಅಲ್ಲಿಯ ಇದ್ದಿಲು ಕ್ರಿ.ಪೂ. ಮೂರನೆಯ ಸಹಸ್ರಮಾನವನ್ನು ಹೇಳಿತು. ವ್ಹೀಲರ್ ಅವರ ಲೆಕ್ಕಕ್ಕಿಂತ ಸಾವಿರ ವರ್ಷಕ್ಕೂ ಮಿಕ್ಕಿ ಹಿಂದೆ! ಆಮೇಲೆ 1965ರಲ್ಲಿ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಡಾಕ್ಟರ್ ಎಂ. ಎಸ್. ನಾಗರಾಜರಾಯರು ನಡೆಸಿದ ಅಗೆತದಲ್ಲಿ, ಕಬ್ಬಿಣದ ಉಪಕರಣಗಳೂ ಕಪ್ಪು–ಕೆಂಪು ಮಡಕೆಯೂ ಇದ್ದ ಪದರದ ಇದ್ದಿಲಿಗೆ ಸುಮಾರು ಕ್ರಿ.ಪೂ. 1000 ಎಂಬ ಕಾಲವು ಬಂದಿತು. ಮೊದಲಿಗೆ ಇದನ್ನು ನಂಬದವರು ಅನೇಕರು. ಹಳೆಯ ಮರದ ಇದ್ದಿಲು ಹೊಸ ಪದರಕ್ಕೆ ಜಾರಿರಬಹುದೆಂಬ ಆಕ್ಷೇಪವೂ ಬಂದಿತು. ಆಕ್ಷೇಪವು ಅಸಾಧುವಾದುದೇನೂ ಅಲ್ಲ.

ಅದಕ್ಕೆ ಸಮಾಧಾನವು ಮಡಕೆಯಿಂದಲೇ ಬಂದಿತು. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಸಣ್ಣ ಕಣಗಳು ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟಾಸಿಯಂಗಳ ವಿಕಿರಣವನ್ನು ಹೀರಿ ಆ ಶಕ್ತಿಯನ್ನು ಕೂಡಿಡುತ್ತ ಹೋಗುತ್ತವೆ. ಮಡಕೆಯನ್ನು ಸುಟ್ಟಾಗ ಈ ಕೂಡಿಟ್ಟ ಗಂಟೆಲ್ಲ ಬೆಂಕಿಯಲ್ಲಿ ಖರ್ಚಾಗಿ ಲೆಕ್ಕವು ಸೊನ್ನೆಗೆ ಬರುತ್ತದೆ. ಅಂದಿನಿಂದ ಹೊಸ ಖಾತೆ. ಇಂದು ಪ್ರಯೋಗಶಾಲೆಯ ಕತ್ತಲೆಯಲ್ಲಿ ಆ ಚೂರಿನ ಕಣಗಳನ್ನು ಸುಮಾರು 500 ಡಿಗ್ರಿಗೆ ಕಾಯಿಸಿದರೆ, ಕೂಡಿಟ್ಟ ಶಕ್ತಿಯು ಮಂದವಾದ ಬೆಳಕಾಗಿ ಹೊರಕ್ಕೆ ಬರುತ್ತದೆ. ಬೆಳಕು ಹೆಚ್ಚಿದಷ್ಟೂ ವಯಸ್ಸು ಹೆಚ್ಚು. 1960ರ ದಶಕದಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಇದನ್ನು ಹದಕ್ಕೆ ತಂದರು. ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚುಕಡಮೆ ಇದರಲ್ಲಿ ಉಂಟು. ಆದರೆ ಇದ್ದಿಲಿನ ಹಂಗಿಲ್ಲದೆ ಮಡಕೆಯು ಬೆಂದ ದಿನವನ್ನೇ ಇದು ಹೇಳುತ್ತದೆ. ಮಧ್ಯ ಕರ್ನಾಟಕದ ಕೊಮಾರನಹಳ್ಳಿಯ ಶಿಲಾಸಮಾಧಿಗಳ ಮಡಕೆಗಳನ್ನು ಹೀಗೆ ಪರೀಕ್ಷಿಸಿದಾಗ ಅವು ಕ್ರಿ.ಪೂ. ಎರಡನೆಯ ಸಹಸ್ರಮಾನದ ಕೊನೆಯ ಕಾಲದವೆಂದು ಕಂಡಿತು. ಇದ್ದಿಲು ಒಂದು ದಾರಿ, ಬೆಳಕು ಮತ್ತೊಂದು ದಾರಿ. ಎರಡೂ ಒಂದೇ ಊರಿಗೆ ಕರೆದೊಯ್ದವು.

ಹೀಗೆ ಇಸಿಲದ ಚಿತ್ರವು ಬದಲಾಯಿತು. ಚಪಡನು ಬಂಡೆಯ ಮುಂದೆ ಉಳಿಯ ಕೆಲಸವನ್ನು ನೋಡುತ್ತ ನಿಂತಾಗ, ಈ ನಾಡಿನವರು ಕಬ್ಬಿಣವನ್ನು ಬಳಸಲು ಆರಂಭಿಸಿ ಏಳೆಂಟು ಶತಮಾನಗಳು ಆಗಿದ್ದವು. ಆ ಶಾಸನವನ್ನು ಕೆತ್ತಿದ ಉಳಿಯು ಇಲ್ಲಿಯ ಕಮ್ಮಾರನ ಕುಲುಮೆಯಲ್ಲಿಯೇ ಹದವಾಗಿದ್ದರೂ ಇರಬಹುದು. ಮೌರ್ಯರು ಇಲ್ಲಿಗೆ ಅಧಿಕಾರಿಗಳನ್ನು ಕಳುಹಿಸಿದುದು ಬರಿಯ ಕಾಡುಜನರಿಗೆ ಉಪದೇಶಮಾಡಲು ಎಂಬ ಭಾವನೆಗೆ ಇನ್ನು ಎಡೆಯಿಲ್ಲ.

ತವರಿನ ಪ್ರಶ್ನೆಯು ಇದಕ್ಕಿಂತಲೂ ಕುತೂಹಲಕರವಾದುದು. ಊರೂರಿನ ಬಾವಿಯ ನೀರಿಗೆ ಬೇರೆ ಬೇರೆ ರುಚಿಯಿರುವಂತೆ, ಒಂದೊಂದು ಕಣಿವೆಯ ಜೇಡಿಮಣ್ಣಿನಲ್ಲಿಯೂ ಮೂಲಧಾತುಗಳ ಬೆರಕೆಯು ಬೇರೆಯಾಗಿರುತ್ತದೆ. ಕಬ್ಬಿಣ, ಸುಣ್ಣಗಳಂತಹ ಮುಖ್ಯಾಂಶಗಳಿಂದ ಇದು ತಿಳಿಯದು. ಅತ್ಯಲ್ಪವಾಗಿ ಮಾತ್ರ ಇರುವ ಸ್ಕ್ಯಾಂಡಿಯಂ, ಸೀಸಿಯಂ, ಲ್ಯಾಂಥನಂ, ಥೋರಿಯಂ ಮೊದಲಾದವುಗಳ ಪ್ರಮಾಣದಿಂದ ತಿಳಿಯುತ್ತದೆ. ಕುಂಬಾರನಿಗೆ ಇವುಗಳ ಹೆಸರೂ ಗೊತ್ತಿಲ್ಲ. ಆದುದರಿಂದ ಅವನು ಅಲಂಕಾರವನ್ನು ಅನುಕರಿಸಬಹುದಾದರೂ ಈ ಗುರುತನ್ನು ಅನುಕರಿಸಲಾರನು.

ಮಡಕೆಯ ರಸಾಯನವು ಹೊಸ ವಿದ್ಯೆಯೇನೂ ಅಲ್ಲ. ಹಾರ್ವರ್ಡಿನ ಥಿಯೊಡೋರ್ ರಿಚರ್ಡ್ಸ್ ಅವರು 1895ರಲ್ಲಿಯೇ ಅಥೆನ್ಸಿನ ಮಡಕೆಗಳನ್ನು ವಿಶ್ಲೇಷಿಸಿದ್ದರು. ಅಮೆರಿಕದ ಅನ್ನಾ ಷೆಪರ್ಡ್ ಎಂಬ ವಿದುಷಿಯು 1930ರ ದಶಕದಿಂದ, ಚೂರನ್ನು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗಿ ಅರೆದು, ಗಾಜಿಗೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗೆ ಕಲ್ಲಿನ ಕಣಗಳನ್ನು ಗುರುತಿಸುತ್ತ ಬಂದರು. ಅಲ್ಲಿಯ ಮೂಲನಿವಾಸಿಗಳಲ್ಲಿ ಪ್ರತಿಯೊಂದು ಹಳ್ಳಿಯೂ ತನ್ನ ಮಡಕೆಯನ್ನು ತಾನೇ ಮಾಡಿಕೊಳ್ಳುತ್ತಿದ್ದಿತೆಂಬ ನಂಬಿಕೆಯನ್ನು ಅವರು ಅಳಿಸಿ, ಮಡಕೆಗಳು ಊರಿಂದೂರಿಗೆ ವ್ಯಾಪಾರವಾಗುತ್ತಿದ್ದುದನ್ನು ತೋರಿಸಿದರು. ಪುರುಷರೇ ತುಂಬಿದ್ದ ವಿದ್ವತ್ಸಭೆಯು ಅವರ ಮಾತನ್ನು ಒಪ್ಪಲು ಹಲವು ವರ್ಷ ಹಿಡಿಯಿತು. 1956ರಲ್ಲಿ ಪರಮಾಣುವಿಜ್ಞಾನಿ ಆಪೆನ್‌ಹೈಮರ್ ಅವರು ಪುರಾತತ್ತ್ವಜ್ಞರನ್ನೂ ರಸಾಯನಜ್ಞರನ್ನೂ ಪ್ರಿನ್ಸ್‌ಟನ್ನಿನಲ್ಲಿ ಕೂಡಿಸಿ, ಪರಮಾಣುಕುಲುಮೆಯನ್ನು ಮಡಕೆಯ ಪರೀಕ್ಷೆಗೆ ಬಳಸಬಹುದೆ ಎಂದು ಕೇಳಿದರು. ಹಿರೋಷಿಮಾ ನಗರವನ್ನು ಸುಟ್ಟ ವಿದ್ಯೆಯು ಒಡಕು ಮಡಕೆಯ ಊರನ್ನು ಹುಡುಕಲು ಹೊರಟಿತು. ಚೂರಿನ ಪುಡಿಯನ್ನು ಕುಲುಮೆಯಲ್ಲಿಟ್ಟು ನ್ಯೂಟ್ರಾನುಗಳಿಂದ ಬಡಿದರೆ, ಅದರಲ್ಲಿರುವ ಒಂದೊಂದು ಧಾತುವೂ ತನ್ನ ತನ್ನ ಸ್ವರದಲ್ಲಿ ಗಾಮಾ ಕಿರಣಗಳನ್ನು ಹೊರಸೂಸುತ್ತದೆ. ಅವನ್ನು ಎಣಿಸಿ ಅತ್ಯಲ್ಪ ಪ್ರಮಾಣವನ್ನೂ ತಿಳಿಯಬಹುದು.

ನಮ್ಮ ಚಕ್ರಾಂಕಿತ ತಟ್ಟೆಗೆ ಈ ಪರೀಕ್ಷೆಗಳು ಆದುದು ತಡವಾಗಿ. ಅದಕ್ಕೆ ಮೊದಲೇ, 1980ರ ದಶಕದಲ್ಲಿ, ವಿಮಲಾ ಬೆಗ್ಲಿಯವರು ಈ ತಟ್ಟೆಗಳು ರೋಮನ್ ವ್ಯಾಪಾರಕ್ಕಿಂತ ಹಳೆಯವೆಂದೂ ಭಾರತದಲ್ಲಿಯೇ ಹುಟ್ಟಿದವೆಂದೂ ವಾದಿಸಿದ್ದರು. ಆ ಹೊತ್ತಿಗೆ ಇಂಡೊನೇಷ್ಯದ ಬಾಲಿ ದ್ವೀಪದ ಸೆಂಬಿರಾನ್ ಎಂಬ ಕರಾವಳಿಯ ಊರಿನಲ್ಲಿಯೂ ಅಂತಹವೇ ಚೂರುಗಳು ದೊರೆತವು. ಅವನ್ನು ಪರೀಕ್ಷಿಸಿದಾಗ, ಬಾಲಿಯ ಚೂರು, ಅರಿಕಮೇಡುವಿನ ಚೂರು, ಸಿಂಹಳದ ಅನುರಾಧಪುರದ ಚೂರು ಮೂರರ ಮಣ್ಣೂ ಒಂದೇ ಬಗೆಯದೆಂದು 1991ರಲ್ಲಿ ಪ್ರಕಟವಾಯಿತು. 1997ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ ಗೋಗ್ಟೆಯವರು ಕ್ಷ-ಕಿರಣಗಳಿಂದ ಖನಿಜಗಳನ್ನು ಹೋಲಿಸಿ, ಈ ತಟ್ಟೆಗಳ ತವರು ಗಂಗೆಯ ಮುಖಜಭೂಮಿ, ಬಂಗಾಳದ ಚಂದ್ರಕೇತುಗಢ–ತಮ್ಲುಕ್ ಪ್ರದೇಶವೆಂದರು. ತಮ್ಲುಕ್ ಎಂದರೆ ನಮ್ಮ ಪುರಾತನ ತಾಮ್ರಲಿಪ್ತಿ ರೇವು. 2005ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಧಾತುಗಳ ಸೂಕ್ಷ್ಮ ಪ್ರಮಾಣವನ್ನು ಅಳೆದು, ಈ ತಟ್ಟೆಗಳೂ ಇವಕ್ಕೆ ಹತ್ತಿರದ ಇತರ ನವುರಾದ ಪಾತ್ರೆಗಳೂ ಒಂದೇ ಭೂಪ್ರದೇಶದ ಮಣ್ಣಿನವೆಂಬುದನ್ನು ಮತ್ತೊಮ್ಮೆ ಕಂಡರು.

ಇದರಿಂದ ಚರ್ಚೆಯೆಲ್ಲ ಮುಗಿಯಿತೆಂದು ಹೇಳಲಾರೆ. ದಕ್ಷಿಣದಲ್ಲಿಯೂ ಕೆಲವು ಕಡೆ ಇದನ್ನು ಮಾಡುತ್ತಿದ್ದರೆಂದೂ, ಒರಟಾದ ಕೆಲವು ಚೂರುಗಳು ಸ್ಥಳೀಯ ಅನುಕರಣಗಳೆಂದೂ ಅಭಿಪ್ರಾಯವುಂಟು. ನನಗೆ ತೋರುವಂತೆ, ಉತ್ತಮವಾದ ತಟ್ಟೆಗಳ ಮಟ್ಟಿಗೆ ಗಂಗೆಯ ಕಡೆಯ ಸಾಕ್ಷ್ಯವೇ ಬಲವಾದುದು. ಉತ್ತರದ ಕಪ್ಪು ಹೊಳಪಿನ ಪ್ರಸಿದ್ಧ ಪಾತ್ರೆಗಳಿಗೂ ಇವಕ್ಕೂ ಮೈಬಣ್ಣದಲ್ಲಿಯೂ ಕಸುಬಿನಲ್ಲಿಯೂ ಇರುವ ಸಾಮ್ಯವು ಅದನ್ನೇ ಸೂಚಿಸುತ್ತದೆ. ಹಾಗಿದ್ದರೆ ಬ್ರಹ್ಮಗಿರಿಯ ಈ ಚೂರು ರೋಮಿನ ವೈಭವದ ನೆರಳಲ್ಲ. ತಾಮ್ರಲಿಪ್ತಿಯಲ್ಲಿ ಹಡಗನ್ನೇರಿ, ಪೂರ್ವ ಕರಾವಳಿಯ ಯಾವುದೋ ರೇವಿನಲ್ಲಿ ಇಳಿದು, ಎತ್ತಿನ ಬೆನ್ನಿನ ಮೇಲೋ ಗಾಡಿಯಲ್ಲೋ ಒಡೆಯದೆ ಘಟ್ಟವನ್ನು ಹತ್ತಿ, ಸಾವಿರ ಮೈಲಿಗೂ ಹೆಚ್ಚು ದಾರಿಯನ್ನು ನಡೆದು ಬಂದ ತಟ್ಟೆ ಅದು. ಅದರ ಒಡಹುಟ್ಟಿದ ತಟ್ಟೆಯು ಅದೇ ರೇವಿನಿಂದ ಪೂರ್ವಕ್ಕೆ ಹೊರಟು ಬಾಲಿಯನ್ನು ಸೇರಿತು.

ಹೀಗೆಂದು, ವಿಜ್ಞಾನವು ಯಾವಾಗಲೂ ನಮ್ಮ ದೇಶಾಭಿಮಾನಕ್ಕೆ ಹಿತವಾದುದನ್ನೇ ನುಡಿಯುವುದೆಂದು ತಿಳಿಯಬಾರದು. ಅರಿಕಮೇಡುವಿನಲ್ಲಿಯೂ ಕೇರಳದ ಪಟ್ಟಣಂ ಎಂಬಲ್ಲಿಯೂ ದೊರೆತ ಎರಡು ಹಿಡಿಯ ದ್ರಾಕ್ಷಾರಸದ ಜಾಡಿಗಳಲ್ಲಿ ಕೆಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮಣ್ಣಿನ ನಡುವೆ ಕಪ್ಪಾದ ಜ್ವಾಲಾಮುಖಿಯ ಮರಳು ಕಾಣುತ್ತದೆ. ಅದು ಇಟಲಿಯ ಕಂಪಾನಿಯ, ವೆಸೂವಿಯಸ್ ಪರ್ವತದ ಸೀಮೆಯದು. ಆ ಜಾಡಿಗಳು ನಿಸ್ಸಂದೇಹವಾಗಿ ರೋಮನರವೇ. ಆದರೆ ಪಶ್ಚಿಮ ಕರಾವಳಿಯ ಇತರ ಅನೇಕ ಚೂರುಗಳು, ರೋಮಿನ ಜಾಡಿಗಳೆಂದೇ ಬಹುಕಾಲ ಎಣಿಸಿಕೊಂಡಿದ್ದವು, ಒಳಮೈಗೆ ಕಲ್ಲರಗನ್ನು ಬಳಿದ ಮೆಸೊಪೊಟೇಮಿಯದ ಜಾಡಿಗಳೆಂದು 2000ದ ಬಳಿಕ ತಿಳಿದುಬಂದಿತು. ರೋಮಿನ ನಾಣ್ಯಗಳ ಹೊಳಪಿನಲ್ಲಿ ಪಾರಸೀಕ ಕೊಲ್ಲಿಯ ವರ್ತಕನು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಮಡಕೆಯಲ್ಲಿ ಏನನ್ನು ಅಟ್ಟರು ಎಂಬುದನ್ನೂ ಈಗ ಕೇಳಬಹುದಾಗಿದೆ. ಹೊಳಪು ಕೊಡದ ಮಡಕೆಯ ಮೈ ರಂಧ್ರಮಯ; ಅಡುಗೆಯ ಜಿಡ್ಡು ಅದರೊಳಕ್ಕೆ ಇಳಿದು ಸಾವಿರಾರು ವರ್ಷ ಉಳಿಯುತ್ತದೆ. ಅದನ್ನು ದ್ರಾವಕದಲ್ಲಿ ತೆಗೆದು, ಕೊಬ್ಬಿನ ಆಮ್ಲಗಳಲ್ಲಿರುವ ಇಂಗಾಲದ ಭೇದಗಳನ್ನು ಅಳೆದರೆ, ಹಾಲಿನ ಕೊಬ್ಬೆ, ದನಕುರಿಗಳ ಕೊಬ್ಬೆ, ಹಂದಿಯದೆ ಎಂದು ಬೇರ್ಪಡಿಸಬಹುದು. ಹರಿಯಾಣ, ಉತ್ತರಪ್ರದೇಶಗಳ ಸಿಂಧೂ ನಾಗರಿಕತೆಯ ಊರುಗಳಿಂದ 172 ಚೂರುಗಳನ್ನು ಹೀಗೆ ಪರೀಕ್ಷಿಸಿದ ಫಲವು 2020ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಪ್ರಾಣಿಗಳ ಕೊಬ್ಬೇ ಪ್ರಧಾನವಾಗಿದ್ದಿತು, ಹಾಲಿನ ಗುರುತು ಕಡಮೆ. ಫರ್ಮಾಣಾ ಎಂಬಲ್ಲಿಯ ಮಡಕೆಯಲ್ಲಿ ಅರಿಸಿನ, ಶುಂಠಿಗಳ ಪಿಷ್ಟದ ಕಣಗಳು ಸಹ ಕಂಡಿವೆ. ನಮ್ಮ ದೇಶದಂತಹ ಬಿಸಿಲುಮಳೆಯ ನೆಲದಲ್ಲಿ ಈ ಜಿಡ್ಡು ಯೂರೋಪಿನಲ್ಲಿರುವಷ್ಟು ಚೆನ್ನಾಗಿ ಉಳಿಯದು. ಆದರೂ ಕೆಲಸ ಆರಂಭವಾಗಿದೆ.

ನಮ್ಮ ಕಾಲೇಜುಗಳಲ್ಲಿ ಇತಿಹಾಸದ ತರಗತಿಯಿಂದ ರಸಾಯನಶಾಸ್ತ್ರದ ತರಗತಿಗೆ ಹೋಗಲು ಅಂಗಳವೊಂದನ್ನು ದಾಟಿದರೆ ಸಾಕು. ಆದರೆ ವಿದ್ಯಾರ್ಥಿಯು ಮೆಟ್ರಿಕ್ಯುಲೇಷನ್ ಆದ ದಿನವೇ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಂತೆ ಮಾಡುವುದು ನಮ್ಮಲ್ಲಿ ಬಹುಕಾಲದ ಪದ್ಧತಿಯಾಗಿ ಬಂದಿತು. ಪ್ರಾಕೃತವನ್ನು ಓದಬಲ್ಲ, ಜೊತೆಗೆ ಕ್ಷ-ಕಿರಣದ ಚಿತ್ರವನ್ನೂ ಓದಬಲ್ಲ ತರುಣರು ನಮಗೆ ಬೇಕಾಗಿದ್ದಾರೆ.

ತಮ್ಮಲ್ಲಿ ಯಾರಾದರೂ ಬ್ರಹ್ಮಗಿರಿಗೋ ಚಂದ್ರವಳ್ಳಿಗೋ ಹೋಗುವವರಿದ್ದರೆ ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಚಂದದ ಚೂರೊಂದು ಕಂಡಿತೆಂದು ಜೇಬಿಗೆ ಹಾಕಿಕೊಂಡು ಬಂದು, ನಲ್ಲಿಯ ಕೆಳಗೆ ಹಿಡಿದು ಸೀಗೆಕಾಯಿ ನಾರುಗಳಿಂದ ತಿಕ್ಕಿ ತೊಳೆದು, ಕಿಟಕಿಯ ಬಿಸಿಲಿಗಿಟ್ಟರೆ, ಅದರ ರಂಧ್ರದ ಜಿಡ್ಡಿಗೆ ಸಾಬೂನಿನ, ಬೆರಳಿನ ಜಿಡ್ಡು ಬೆರೆಯುತ್ತದೆ. ಅದರ ಸುತ್ತಲಿದ್ದ ಮಣ್ಣು ಹೋದುದರಿಂದ ವರ್ಷಕ್ಕೆ ಎಷ್ಟು ವಿಕಿರಣವನ್ನು ಅದು ಹೀರುತ್ತಿದ್ದಿತೆಂಬ ಲೆಕ್ಕವೂ ತಪ್ಪುತ್ತದೆ. ಯಾವ ಪದರದ ಯಾವ ಚೂರಿನ ಪಕ್ಕದಲ್ಲಿತ್ತೆಂಬುದಂತೂ ಆಯ್ದ ಕ್ಷಣದಲ್ಲಿಯೇ ಹೋಗಿರುತ್ತದೆ. ಚೂರನ್ನು ನೋಡಿ, ಬೇಕಾದರೆ ಚಿತ್ರ ತೆಗೆದುಕೊಂಡು, ಬಿದ್ದಿದ್ದಲ್ಲಿಯೇ ಬಿಟ್ಟು ಬರಬೇಕು. ಹೊಸದಾಗಿ ನೆಲ ಕುಸಿದು ಮಡಕೆಗಳ ರಾಶಿಯೇನಾದರೂ ಕಂಡರೆ, ಜಿಲ್ಲೆಯ ಪುರಾತತ್ತ್ವ ಕಚೇರಿಗೆ ಒಂದು ಕಾಗದ ಬರೆದು ಊರು, ಹೊಲ, ಕಂಡ ದಿನ ಇಷ್ಟನ್ನು ತಿಳಿಸಿದರೆ ಸಾಕು.